ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗುತ್ತಿತ್ತು, ಆದರೂ ಮೂಳೆ ಬಿರುಕು ಬಿಟ್ಟಿತು: ಹಾರ್ಮೋನ್ ಮಾತ್ರೆ ಮತ್ತು ನಮ್ಮ ಆಟ

ಲೆಫ್ಟ್ ವಿಂಗ್ 11 (ಪೊನ್ನಂಪೇಟೆ), ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನನಗೆ 23 ವರ್ಷ. ಹೈಸ್ಕೂಲಿನಿಂದ ಹಾಕಿ ಆಡುತ್ತಿದ್ದೇನೆ. ಒಂಬತ್ತು ವಾರದಿಂದ ಸ್ಟಿಕ್ ಮುಟ್ಟಿಲ್ಲ. ಎಡಗಾಲಿನಲ್ಲಿ, ಮೊಣಕಾಲಿನ ಕೆಳಗಿನ ಮೂಳೆಗೆ ಸ್ಟ್ರೆಸ್ ಫ್ರಾಕ್ಚರ್ ಆಗಿದೆ. ಚೆಂಡು ಬಡಿದು ಆದದ್ದಲ್ಲ, ಬಿದ್ದು ಆದದ್ದೂ ಅಲ್ಲ. ಓಡಿ ಓಡಿ ಮೂಳೆ ದಣಿದು ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ನಾನು ಎರಡೂವರೆ ವರ್ಷ ನುಂಗಿದ ಹಾರ್ಮೋನ್ ಮಾತ್ರೆಗೂ ಇದಕ್ಕೂ ಏನು ಸಂಬಂಧ ಅಂತ ಈಗಷ್ಟೇ ಗೊತ್ತಾಯಿತು. ನಮ್ಮ ಕೊಡಗಿನಲ್ಲಿ ಹಾಕಿ ಆಡದ ಮನೆ ಕಡಿಮೆ. ಹೆಣ್ಣುಮಕ್ಕಳೂ ಹಿಂದೆ ಬಿದ್ದಿಲ್ಲ. ಆದರೆ ಈ ವಿಷಯ ಯಾರೂ ಮಾತಾಡಿದ್ದು ನಾನು ಕೇಳಿಲ್ಲ.

20ನೇ ವಯಸ್ಸಿನಲ್ಲಿ ಒಂದು ದೊಡ್ಡ ಕ್ಯಾಂಪ್ ಇತ್ತು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ವೇಗ ಬರಬೇಕು ಅಂತ ಅನ್ನ, ರೊಟ್ಟಿ ಎಲ್ಲ ಅರ್ಧ ಮಾಡಿದ್ದೆ. ಆಗ ನಾಲ್ಕು ತಿಂಗಳು ಮುಟ್ಟಾಗಲಿಲ್ಲ. ಅವ್ವ ಹೆದರಿ ಒಬ್ಬ ವೈದ್ಯರ ಹತ್ತಿರ ಕರೆದುಕೊಂಡು ಹೋದರು. ಸ್ಕ್ಯಾನ್ ಆಯಿತು. "ಹಾರ್ಮೋನ್ ಸ್ವಲ್ಪ ಏರುಪೇರು" ಅಂದರು. ಗರ್ಭನಿರೋಧಕಕ್ಕೆ ಕೊಡುವ ಹಾರ್ಮೋನ್ ಮಾತ್ರೆಯನ್ನೇ ಬರೆದರು. 21 ದಿನ ನುಂಗುವುದು, 7 ದಿನ ಬಿಡುವುದು. ಎಷ್ಟು ಓಡುತ್ತೀಯ, ಏನು ತಿನ್ನುತ್ತೀಯ ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮುಂದಿನ ತಿಂಗಳಿಂದ ಗಡಿಯಾರದ ಹಾಗೆ ಮುಟ್ಟು ಬಂತು. ಅವ್ವನಿಗೆ ನೆಮ್ಮದಿ. ನನಗೂ ಖುಷಿ. ಮ್ಯಾಚ್ ಯಾವ ದಿನ, ಮುಟ್ಟು ಯಾವ ದಿನ ಅಂತ ಮೊದಲೇ ಗೊತ್ತಾಗುತ್ತಿತ್ತು. ಊಟ ಅಷ್ಟೇ ಇತ್ತು. ಓಟ ಇನ್ನೂ ಜಾಸ್ತಿ ಆಯಿತು.

ಈ ಜನವರಿಯಲ್ಲಿ, ತೋಟದಲ್ಲಿ ಕಾಫಿ ಕೊಯ್ಲು ನಡೆಯುತ್ತಿದ್ದಾಗ, ಕಾಲು ನೋವು ಶುರುವಾಯಿತು. ಮೊದಲು ಓಡಿದರೆ ಮಾತ್ರ. ಆಮೇಲೆ ರಾತ್ರಿ ಮಲಗಿದರೂ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮೈಸೂರಿನಲ್ಲಿ ಎಂಆರ್‌ಐ ಮಾಡಿದಾಗ ಬಿರುಕು ಕಂಡಿತು. ಅಲ್ಲಿನ ಡಾಕ್ಟರ್ ಕಾಲಿನ ಬಗ್ಗೆ ಕೇಳುವುದಕ್ಕೆ ಮೊದಲು ಬೇರೆಯದೇ ಕೇಳಿದರು: "ಮಾತ್ರೆ ಶುರು ಮಾಡುವ ಮೊದಲು ಮುಟ್ಟು ಯಾಕೆ ನಿಂತಿತ್ತು?" ಎರಡೂವರೆ ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ವ್ಯಕ್ತಿ ಅವರೇ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವರು ಹೇಳಿದ್ದು ಇಷ್ಟು. ಮಾತ್ರೆ ತೆಗೆದುಕೊಳ್ಳುವಾಗ ಆಗುವ ರಕ್ತಸ್ರಾವ ನಿಜವಾದ ಮುಟ್ಟಲ್ಲ. ಮಾತ್ರೆ ಇರುವಾಗ ಅಂಡಾಶಯ ಮಲಗಿರುತ್ತದೆ. ಬಿಡುವಿನ ಏಳು ದಿನ ಹಾರ್ಮೋನ್ ಇಳಿಯುವುದರಿಂದ ಗರ್ಭಕೋಶದ ಒಳಪದರ ಕಳಚುತ್ತದೆ, ಅಷ್ಟೇ. ಹೊಟ್ಟೆ ತುಂಬ ತಿಂದರೂ ಅದು ಬರುತ್ತದೆ, ಉಪವಾಸ ಬಿದ್ದರೂ ಬರುತ್ತದೆ. ನನ್ನ ದೇಹ ನಾಲ್ಕು ತಿಂಗಳು "ಸಾಕಾಗುತ್ತಿಲ್ಲ" ಅಂತ ಹೇಳಿತ್ತು. ಮಾತ್ರೆ ಬಂದ ಮೇಲೆ ಆ ಮಾತು ಕೇಳಿಸದ ಹಾಗಾಯಿತು.

ನಿಮ್ಮಲ್ಲಿ ಯಾರಾದರೂ ಮಾತ್ರೆ, ಇಂಜೆಕ್ಷನ್ ತಗೊಂಡು ಆಡುತ್ತಿದ್ದೀರಾ? ದೇಹಕ್ಕೆ, ಟ್ರೈನಿಂಗ್‌ಗೆ ಏನಾಯಿತು? ಹೇಳಿ.

ಬೆಟ್ಟದ ಓಟ (ಮಡಿಕೇರಿ), ಭಾನುವಾರ ರಾತ್ರಿ 10:25

ತಂಗಿ, ನಿನ್ನ ಕಾಲು ಬೇಗ ಗುಣವಾಗಲಿ. ಓದಿ ಬೇಜಾರಾಯಿತು. ಆದರೆ ನನ್ನ ಅನುಭವ ಪೂರ್ತಿ ಬೇರೆ. ಅದನ್ನೂ ಹೇಳಲೇಬೇಕು.

ನನಗೆ 31. ದೂರದ ಓಟ ನನ್ನ ಹವ್ಯಾಸ. ಭಾಗಮಂಡಲದಿಂದ ತಲಕಾವೇರಿಗೆ 8 ಕಿಲೋಮೀಟರ್ ಏರು ಇದೆಯಲ್ಲ, ಅದು ನನ್ನ ಇಷ್ಟದ ದಾರಿ. ಮೂರು ವರ್ಷದ ಹಿಂದೆ ಆ ಏರಿನಲ್ಲಿ ಎರಡು ಕಿಲೋಮೀಟರ್‌ಗೇ ಕೂತುಬಿಡುತ್ತಿದ್ದೆ. ಮುಟ್ಟಿನ ಮೊದಲ ಎರಡು ದಿನ ಗಂಟೆಗೊಂದು ಪ್ಯಾಡ್. ನೋವಿಗೆ ವಾಂತಿ. ಹಿಮೋಗ್ಲೋಬಿನ್ 9.2 ಇತ್ತು. ಪರೀಕ್ಷೆ ಮಾಡಿ ಎಂಡೋಮೆಟ್ರಿಯೋಸಿಸ್ ಅಂದರು. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೂ ಬೆಳೆಯುವ ತೊಂದರೆ ಅದು.

ನನಗೆ ಕೊಟ್ಟದ್ದೂ ಇದೇ ಮಾತ್ರೆ. ಆದರೆ ನಡುವೆ ಬಿಡುವು ಇಲ್ಲದೆ ಮೂರು ಸ್ಟ್ರಿಪ್ ಒಟ್ಟಿಗೆ, ಆಮೇಲೆ ಬಿಡುವು. ಜೊತೆಗೆ ಕಬ್ಬಿಣದ ಮಾತ್ರೆ. ಎಂಟು ತಿಂಗಳಲ್ಲಿ ಹಿಮೋಗ್ಲೋಬಿನ್ 12.6ಕ್ಕೆ ಬಂತು. ಈಗ ತಲಕಾವೇರಿ ಏರು ನಿಲ್ಲದೆ ಓಡುತ್ತೇನೆ. ಮೊದಲ ಮೂರು ತಿಂಗಳು ತಲೆನೋವು, ಎದೆ ಭಾರ, ನಡುನಡುವೆ ಸ್ವಲ್ಪ ರಕ್ತ ಕಾಣುವುದು ಇತ್ತು. ಆಮೇಲೆ ಹೋಯಿತು.

ಹಾಗಾಗಿ ಮಾತ್ರೆ ಕೆಟ್ಟದ್ದು ಅಂತ ದಯವಿಟ್ಟು ಯಾರೂ ತೀರ್ಮಾನ ಮಾಡಬೇಡಿ. ನನಗೆ ಓಟ ವಾಪಸ್ ಕೊಟ್ಟದ್ದೇ ಅದು.

ಲೆಫ್ಟ್ ವಿಂಗ್ 11, ಭಾನುವಾರ ರಾತ್ರಿ 10:41

ಇಲ್ಲ ಅಕ್ಕ, ಮಾತ್ರೆ ಕೆಟ್ಟದ್ದು ಅಂತ ನಾನೂ ಹೇಳುತ್ತಿಲ್ಲ. ನಿಮಗೆ ಏನು ತೊಂದರೆ ಅಂತ ಮೊದಲು ಹುಡುಕಿದರು, ಆಮೇಲೆ ಮಾತ್ರೆ ಕೊಟ್ಟರು. ನನಗೆ ಹುಡುಕಲೇ ಇಲ್ಲ. ಅಷ್ಟೇ ವ್ಯತ್ಯಾಸ ಅನ್ನಿಸುತ್ತದೆ.

ಪಿಟಿ ಮೇಷ್ಟ್ರು (ವಿರಾಜಪೇಟೆ ಕಡೆ), ಸೋಮವಾರ ಬೆಳಿಗ್ಗೆ 6:15

ನಾನು ಗಂಡಸು, ಇಲ್ಲಿ ಬರೆಯಬಹುದೋ ಇಲ್ಲವೋ ಅಂತ ರಾತ್ರಿಯೆಲ್ಲ ಯೋಚಿಸಿದೆ. 18 ವರ್ಷದಿಂದ ಹೆಣ್ಣುಮಕ್ಕಳಿಗೆ ಹಾಕಿ, ಅಥ್ಲೆಟಿಕ್ಸ್ ಹೇಳಿಕೊಡುತ್ತಿದ್ದೇನೆ. ಪ್ರತಿ ವರ್ಷ ಇಬ್ಬರೋ ಮೂವರೋ ಹುಡುಗಿಯರು ಕಾಲು ನೋವು ಅಂತ ಬರುತ್ತಾರೆ. ಐಸ್ ಇಡು, ಎರಡು ದಿನ ರೆಸ್ಟ್ ಮಾಡು ಅಂತ ಕಳಿಸುತ್ತೇನೆ. ಮುಟ್ಟು ಸರಿಯಾಗಿ ಆಗುತ್ತಿದೆಯಾ ಅಂತ ಒಬ್ಬಳನ್ನೂ ಕೇಳಿಲ್ಲ. ಕೇಳಿದರೆ ಹುಡುಗಿಗೂ ಮುಜುಗರ, ಮನೆಯವರು ಏನು ಅಂದುಕೊಳ್ಳುತ್ತಾರೋ ಅಂತ ನನಗೂ ಭಯ. ಈ ಪೋಸ್ಟ್ ಓದಿದ ಮೇಲೆ ಅವರ ಮುಖಗಳು ಒಂದೊಂದಾಗಿ ನೆನಪಾಗುತ್ತಿವೆ.

ಎರಡು ಪ್ರಶ್ನೆ. ಮಾತ್ರೆ ತಗೊಂಡರೆ ವೇಗ, ಶಕ್ತಿ ಕಡಿಮೆ ಆಗುತ್ತದಾ? ನಾನು ಏನು ಕೇಳಬೇಕು, ಹೇಗೆ ಕೇಳಬೇಕು?

ಡಾಕ್ಟ್ರಮ್ಮ (ಕುಶಾಲನಗರ), ಸೋಮವಾರ ಮಧ್ಯಾಹ್ನ 2:50

ನಾನು ಸ್ತ್ರೀರೋಗ ವೈದ್ಯೆ. ಇಲ್ಲಿ ಬರೆಯುವುದು ಮಾಹಿತಿಗೆ ಮಾತ್ರ. ನಿಮ್ಮ ದೇಹ ನೋಡಿದ ಡಾಕ್ಟರ್ ಹೇಳಿದ್ದೇ ಮುಖ್ಯ.

ಮೇಷ್ಟ್ರೇ, ನೀವು ಬರೆದದ್ದು ಒಳ್ಳೆಯದಾಯಿತು. ಮೊದಲ ಪ್ರಶ್ನೆಗೆ ಉತ್ತರ: ಸರಾಸರಿ ನೋಡಿದರೆ ವ್ಯತ್ಯಾಸ ತುಂಬ ಸಣ್ಣದು. 2020ರಲ್ಲಿ 42 ಅಧ್ಯಯನಗಳನ್ನು, ಅಂದರೆ 590 ಹೆಂಗಸರ ಮಾಹಿತಿಯನ್ನು, ಒಟ್ಟುಮಾಡಿ ನೋಡಿದ್ದಾರೆ. ಮಾತ್ರೆ ತೆಗೆದುಕೊಳ್ಳುವವರ ಸಾಧನೆ ಕೂದಲೆಳೆಯಷ್ಟು ಕಡಿಮೆ ಕಂಡಿತು. ಅದಕ್ಕಾಗಿ ಎಲ್ಲರೂ ಮಾತ್ರೆ ಬಿಡಿ ಅಂತ ಹೇಳುವಷ್ಟು ಅದು ದೊಡ್ಡದಲ್ಲ. ಒಬ್ಬೊಬ್ಬರಲ್ಲಿ ಒಂದೊಂದು ಥರ. ಬ್ರಿಟನ್‌ನಲ್ಲಿ 430 ಉನ್ನತ ಮಟ್ಟದ ಆಟಗಾರ್ತಿಯರನ್ನು ಕೇಳಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಜನ ಯಾವುದಾದರೊಂದು ಹಾರ್ಮೋನ್ ಗರ್ಭನಿರೋಧಕ ಬಳಸುತ್ತಿದ್ದರು. ಅವರೂ ದೇಶಕ್ಕಾಗಿ ಆಡುತ್ತಿದ್ದಾರೆ ಅಲ್ವಾ?

ದೇಹದಲ್ಲಿ ಆಗುವ ಬೇರೆ ಬದಲಾವಣೆಗಳಿವೆ. ಮಾತ್ರೆಯಲ್ಲಿರುವ ಪ್ರೊಜೆಸ್ಟಿನ್ ಅನ್ನುವ ಹಾರ್ಮೋನಿನಿಂದ ಮೈಯ ಒಳಗಿನ ಉಷ್ಣತೆ ಸುಮಾರು 0.3 ಡಿಗ್ರಿ ಸೆಲ್ಸಿಯಸ್ ಏರಬಹುದು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಕುಶಾಲನಗರದ ಬಿಸಿಲಲ್ಲಿ ಆಡುವವರು ನೀರು, ನೆರಳಿನ ಬಗ್ಗೆ ಸ್ವಲ್ಪ ಹೆಚ್ಚು ಗಮನ ಕೊಡಬೇಕು. ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತಪರೀಕ್ಷೆಯಲ್ಲಿ ಉರಿಯೂತ ಸೂಚಿಸುವ ಸಿಆರ್‌ಪಿ ಜಾಸ್ತಿ ಕಾಣುವುದುಂಟು. ಅದು ಟ್ರೈನಿಂಗ್ ಸುಸ್ತೋ, ಸೋಂಕೋ, ಮಾತ್ರೆಯೋ ಅಂತ ಗೊಂದಲ ಆಗದಿರಲಿ, ಮಾತ್ರೆ ವಿಷಯ ಡಾಕ್ಟರ್‌ಗೆ ಹೇಳಿ. ತೂಕ ಏರುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಮಾತ್ರೆಯಿಂದ ದೊಡ್ಡ ತೂಕ ಏರಿಕೆ ಅಧ್ಯಯನಗಳಲ್ಲಿ ಕಂಡಿಲ್ಲ. ಮೊದಲ ತಿಂಗಳುಗಳಲ್ಲಿ ಮೈಯಲ್ಲಿ ನೀರು ನಿಂತು ಊದಿದ ಹಾಗೆ ಅನ್ನಿಸಬಹುದು.

ಈಗ ಪೊನ್ನಂಪೇಟೆಯ ಹುಡುಗಿಯ ವಿಷಯ. ನನಗೆ ಇದೇ ಮುಖ್ಯ. ಓಟಕ್ಕೆ ಬೇಕಾದಷ್ಟು ಊಟ ಇಲ್ಲದಿದ್ದರೆ ಮಿದುಳು ಸಂತಾನಕ್ಕೆ ಸಂಬಂಧಪಟ್ಟ ಕೆಲಸ ನಿಲ್ಲಿಸುತ್ತದೆ. ಮುಟ್ಟು ನಿಲ್ಲುತ್ತದೆ. ಈಸ್ಟ್ರೊಜೆನ್ ಅನ್ನುವ ಹೆಣ್ಣು ಹಾರ್ಮೋನ್ ಇಳಿಯುತ್ತದೆ. ಮೂಳೆ ತೆಳುವಾಗುತ್ತದೆ. ಮೊದಲು ಇದನ್ನು ಆಟಗಾರ್ತಿಯರ ಮೂರು ತೊಂದರೆಗಳ ಗುಂಪು ಅಂತ ಕರೆಯುತ್ತಿದ್ದರು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದಕ್ಕೆ ರೆಡ್-ಎಸ್ ಅಂತ ಹೆಸರಿಟ್ಟಿತು. ಗಂಡು ಆಟಗಾರರಿಗೂ ಬರುತ್ತದೆ. 2023ರಲ್ಲಿ ಆ ತಿಳಿವಳಿಕೆಯನ್ನು ಹೊಸದಾಗಿ ಬರೆದಿದ್ದಾರೆ.

ಇಂಥವರಿಗೆ ಗರ್ಭನಿರೋಧಕ ಮಾತ್ರೆ ಕೊಟ್ಟರೆ ಮೂಳೆ ಉಳಿಯುವುದಿಲ್ಲ. "ಈಸ್ಟ್ರೊಜೆನ್ ಇದೆಯಲ್ಲ, ಮೂಳೆಗೆ ಒಳ್ಳೆಯದು" ಅಂತ ತುಂಬ ಜನ ಅಂದುಕೊಂಡಿದ್ದಾರೆ. ಬಾಯಿಂದ ನುಂಗಿದ ಈಸ್ಟ್ರೊಜೆನ್ ಮೊದಲು ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಮೂಳೆ ಕಟ್ಟುವ ಐಜಿಎಫ್-1 ಅನ್ನುವ ಅಂಶವನ್ನು ಇಳಿಸುತ್ತದೆ. ಮೊದಲ ಚಿಕಿತ್ಸೆ ಊಟ ಮತ್ತು ವಿಶ್ರಾಂತಿ. ಅದರಿಂದ ಸರಿಹೋಗದಿದ್ದರೆ ಚರ್ಮಕ್ಕೆ ಅಂಟಿಸುವ ಈಸ್ಟ್ರೊಜೆನ್ ಪ್ಯಾಚ್ ಬಗ್ಗೆ ತಜ್ಞರು ಯೋಚಿಸುತ್ತಾರೆ.

ಮೇಷ್ಟ್ರೇ, ಕೇಳುವುದು ಹೀಗೆ. ಒಬ್ಬಳನ್ನೇ ಕರೆದು ಕೇಳಬೇಡಿ. ಸೀಸನ್ ಶುರುವಾದಾಗ ಎಲ್ಲರಿಗೂ ಒಂದು ಹಾಳೆ ಕೊಡಿ. ಮೂರು ತಿಂಗಳು ಮುಟ್ಟು ನಿಂತದ್ದುಂಟಾ, ಯಾವುದಾದರೂ ಮಾತ್ರೆ ಇದೆಯಾ, ಮೊದಲು ಮೂಳೆ ಬಿರುಕು ಆಗಿತ್ತಾ. ಹಾಳೆಯನ್ನು ನೀವು ಓದಬೇಕಾಗಿಲ್ಲ. ಒಬ್ಬ ಟೀಚರಮ್ಮನೋ ನರ್ಸೋ ಓದಲಿ. ಹತ್ತೊಂಬತ್ತರ ಒಳಗಿನ ಮಕ್ಕಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಅಂತಲೇ ಇದೆ. ಅಲ್ಲಿಗೆ ಕಳಿಸಿ.

ಲೆಫ್ಟ್ ವಿಂಗ್ 11, ಸೋಮವಾರ ಸಂಜೆ 7:05

ಮೇಡಂ, ತುಂಬ ಧನ್ಯವಾದ. ಮೈಸೂರಿನ ಡಾಕ್ಟರ್ ಒಂದು ಲೆಕ್ಕ ಹಾಕಿಸಿದರು. ಬೇರೆಯವರಿಗೂ ಉಪಯೋಗ ಆಗಲಿ ಅಂತ ಹಾಕುತ್ತೇನೆ.

ನನ್ನ ತೂಕ 52 ಕೆ.ಜಿ. ಕೊಬ್ಬು ಬಿಟ್ಟು ಉಳಿದದ್ದು 42 ಕೆ.ಜಿ. ಓಡಿ ಖರ್ಚಾದ ಮೇಲೆ ದೇಹಕ್ಕೆ ಉಳಿಯಬೇಕಾದದ್ದು ಕೆ.ಜಿ.ಗೆ 45 ಕ್ಯಾಲೊರಿ. ಅಂದರೆ 1890. ದಿನದ ಟ್ರೈನಿಂಗ್‌ಗೆ 600. ಒಟ್ಟು 2490 ತಿನ್ನಬೇಕಿತ್ತು. ನಾನು ತಿನ್ನುತ್ತಿದ್ದದ್ದು 1600. ಅದರಲ್ಲಿ ಓಟಕ್ಕೆ 600 ಹೋದರೆ 1000 ಉಳಿಯಿತು. ಕೆ.ಜಿ.ಗೆ 24ಕ್ಕಿಂತ ಕಡಿಮೆ. 30ಕ್ಕಿಂತ ಕೆಳಗೆ ಇಳಿದರೆ ತೊಂದರೆ ಶುರು ಅನ್ನುತ್ತಾರೆ.

ಆ ಸಂಖ್ಯೆ ನೋಡಿ ನಾನು ಅತ್ತುಬಿಟ್ಟೆ. ಮನೆಯಲ್ಲಿ ಅಕ್ಕಿ ಇಲ್ಲವಾ, ಹಂದಿಮಾಂಸ ಇಲ್ಲವಾ, ಹಾಲು ಇಲ್ಲವಾ? ಎಲ್ಲ ಇತ್ತು. ಅವ್ವ ಕಡಂಬುಟ್ಟು ಬಡಿಸಲು ಬಂದರೆ ಎರಡೇ ಸಾಕು ಅಂತ ತಟ್ಟೆ ಎಳೆದುಕೊಳ್ಳುತ್ತಿದ್ದೆ.

ಏಲಕ್ಕಿ ತೋಟ (ಸೋಮವಾರಪೇಟೆ), ಮಂಗಳವಾರ ಬೆಳಿಗ್ಗೆ 11:20

ನನ್ನ ಮಗಳು 19 ವರ್ಷ, ಡಿಗ್ರಿ ಓದುತ್ತಾಳೆ. ಇನ್ನು 12 ದಿನಕ್ಕೆ ಅಂತರ ಕಾಲೇಜು ಟೂರ್ನಮೆಂಟ್. ಸರಿಯಾಗಿ ಅದೇ ದಿನ ಅವಳ ತಿಂಗಳ ದಿನ ಬೀಳುತ್ತದೆ. ಮನೆಯಲ್ಲಿ ಮುಂದಕ್ಕೆ ಹಾಕುವ ಮಾತ್ರೆ ಒಂದು ಸ್ಟ್ರಿಪ್ ಉಳಿದಿದೆ. ಕಾವೇರಿ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವಾಗ ನಾನು ತಂದಿದ್ದೆ. ಅದನ್ನೇ ಕೊಡಬಹುದಾ? ನಾನು ಹುತ್ತರಿಗೂ ಮದುವೆಗೂ ಎಷ್ಟೋ ಸಲ ತೆಗೆದುಕೊಂಡಿದ್ದೇನೆ, ಏನೂ ಆಗಿಲ್ಲ.

ನರ್ಸಕ್ಕ (ನಾಪೋಕ್ಲು), ಮಂಗಳವಾರ ಮಧ್ಯಾಹ್ನ 1:30

ಅಕ್ಕ, ದಯವಿಟ್ಟು ಉಳಿದ ಮಾತ್ರೆ ಕೊಡಬೇಡಿ. ನಿಮಗೆ ಒಗ್ಗಿದ್ದು ಮಗಳಿಗೆ ಒಗ್ಗಬೇಕು ಅಂತೇನಿಲ್ಲ. ಹಬ್ಬಕ್ಕೆ, ಗೃಹಪ್ರವೇಶಕ್ಕೆ, ಮದುವೆಗೆ ಅಂತ ನಮ್ಮಲ್ಲಿ ಈ ಮಾತ್ರೆಯನ್ನು ಜ್ವರದ ಮಾತ್ರೆಯ ಹಾಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುತ್ತಾರೆ. 27 ವರ್ಷ ಕೆಲಸ ಮಾಡಿದೆ, ಪ್ರತಿ ಸಂಕ್ರಮಣದ ಮುಂಚೆ ಇದೇ ನೋಡಿದ್ದೇನೆ.

ಅದು ಗರ್ಭನಿರೋಧಕ ಅಲ್ಲ. ನಾರೆಥಿಸ್ಟರೋನ್ ಅನ್ನುವ ಹಾರ್ಮೋನ್, 5 ಮಿಲಿಗ್ರಾಂ. ಸಾಮಾನ್ಯವಾಗಿ ಮುಟ್ಟಿನ ದಿನಕ್ಕೆ ಮೂರು ದಿನ ಮೊದಲಿಂದ ದಿನಕ್ಕೆ ಮೂರು ಸಲ ಬರೆಯುತ್ತಾರೆ. ಬಿಟ್ಟ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ. ಆ ಪ್ರಮಾಣದಲ್ಲಿ ನುಂಗಿದರೆ ಅದರ ಒಂದಂಶ ದೇಹದಲ್ಲಿ ಈಸ್ಟ್ರೊಜೆನ್ ಆಗಿ ಬದಲಾಗುತ್ತದೆ. ಅಂದರೆ ರಕ್ತ ಹೆಪ್ಪುಗಟ್ಟುವ ಅಪಾಯ ಇದ್ದವರಿಗೆ ಒಳ್ಳೆಯದಲ್ಲ. ಕೆಲವರಿಗೆ ಹೊಟ್ಟೆ ಉಬ್ಬರ, ತಲೆನೋವು, ಮನಸ್ಸು ಕುಗ್ಗುವುದು ಆಗುತ್ತದೆ. ಟೂರ್ನಮೆಂಟ್ ದಿನವೇ ಮೊದಲ ಸಲ ಪರೀಕ್ಷೆ ಮಾಡಬೇಡಿ.

ಮಗಳನ್ನು ಕೂರಿಸಿಕೊಂಡು ಇಷ್ಟು ಕೇಳಿ. ತಲೆನೋವು ಬರುವ ಮೊದಲು ಕಣ್ಣ ಮುಂದೆ ಮಿಂಚಿದ ಹಾಗೆ, ಅಂಕುಡೊಂಕು ಗೆರೆ ಕಂಡ ಹಾಗೆ ಆಗುತ್ತದಾ? ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಕಾಲಿನ ರಕ್ತನಾಳದಲ್ಲೋ ಶ್ವಾಸಕೋಶದಲ್ಲೋ ಹೆಪ್ಪುಗಟ್ಟಿತ್ತಾ? ಟಿಬಿಗೋ ಫಿಟ್ಸ್‌ಗೋ ಮಾತ್ರೆ ಇದೆಯಾ? ಉತ್ತರ ಇಟ್ಟುಕೊಂಡು ಡಾಕ್ಟರ್ ಹತ್ತಿರ ಹೋಗಿ. 12 ದಿನ ಇದೆ, ಸಮಯ ಸಾಕು.

ಹೆದರಿಸಲು ಹೇಳುತ್ತಿಲ್ಲ. ಹೆಪ್ಪುಗಟ್ಟುವುದು ಅಪರೂಪ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ 1ರಿಂದ 5 ಜನಕ್ಕೆ ಆಗುತ್ತದೆ. ತೆಗೆದುಕೊಳ್ಳುವವರಲ್ಲಿ 3ರಿಂದ 9. ಬಸುರಿಯರಲ್ಲಿ ಅದಕ್ಕಿಂತ ಜಾಸ್ತಿ, 5ರಿಂದ 20. ಆದರೆ ಆ ಕೆಲವರು ಯಾರು ಅಂತ ಮೊದಲೇ ಕೇಳಿ ತಿಳಿಯಬಹುದಲ್ಲ.

ಹಳೆ ಸೆಂಟರ್ ಹಾಫ್ (ಅಮ್ಮತ್ತಿ), ಮಂಗಳವಾರ ರಾತ್ರಿ 8:55

ಮಕ್ಕಳೇ, ನನಗೆ 61. ಮೊಬೈಲಿನಲ್ಲಿ ಬರೆಯುವುದು ನಿಧಾನ.

ನಾವು ಆಡುವಾಗ ಬಟ್ಟೆ ಇತ್ತು, ಪ್ಯಾಡ್ ಇರಲಿಲ್ಲ. ಮೈದಾನದ ಹತ್ತಿರ ಶೌಚಾಲಯ ಇರಲಿಲ್ಲ. ಮುಟ್ಟಾದ ದಿನ ಹೊಟ್ಟೆನೋವು ಅಂತ ಹೇಳಿ ಆಡದೆ ಕೂರುತ್ತಿದ್ದೆವು. ಒಂದು ಸಲ ನನ್ನ ಗೆಳತಿಗೆ ವರ್ಷವಿಡೀ ಮುಟ್ಟಾಗಲಿಲ್ಲ. ಅದೃಷ್ಟವಂತೆ, ಆಟಕ್ಕೆ ಅಡ್ಡಿಯೇ ಇಲ್ಲ ಅಂತ ನಾವೆಲ್ಲ ಹೊಟ್ಟೆಕಿಚ್ಚು ಪಟ್ಟಿದ್ದೆವು. ಈಗ ಅವಳ ಸೊಂಟದ ಮೂಳೆ ಎರಡು ಸಲ ಮುರಿದಿದೆ. ಎರಡಕ್ಕೂ ಸಂಬಂಧ ಇತ್ತೋ ಇಲ್ಲವೋ ಯಾರು ಹೇಳುವರು. ಇದನ್ನು ಓದುತ್ತ ಅವಳದೇ ನೆನಪು.

1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದ ಮೇಲೆ ಸೊಸೆಯಂದಿರು, ಹೆಣ್ಣುಮಕ್ಕಳು ಮನೆತನದ ಜೆರ್ಸಿ ಹಾಕಿ ಗಂಡಸರ ಜೊತೆಯೇ ಇಳಿದರು. ನೋಡಿ ಕಣ್ಣು ತುಂಬಿತ್ತು. ಆದರೆ ಮೆಡಿಕಲ್ ಶಾಪಿನಲ್ಲಿ ಮದುವೆಯಾಗದ ಹುಡುಗಿ ಮಾಲಾ-ಡಿ ಥರದ ಗರ್ಭನಿರೋಧಕ ಮಾತ್ರೆ ಕೇಳಿದರೆ ಇಂದಿಗೂ ತಿರುಗಿ ನೋಡುತ್ತಾರೆ. ಮಗಳೇ, ನಿನ್ನ ಅವ್ವ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಳಲ್ಲ, ಅವಳನ್ನು ಬೈಯಬೇಡ. ನಮ್ಮ ಕಾಲದಲ್ಲಿ ಅಷ್ಟೂ ಮಾಡುತ್ತಿರಲಿಲ್ಲ.

ಲೆಫ್ಟ್ ವಿಂಗ್ 11, ಮಂಗಳವಾರ ರಾತ್ರಿ 9:10

ಬೈದಿಲ್ಲ ಆಂಟಿ. ಈ ಪೋಸ್ಟ್ ಹಾಕುವ ಮೊದಲು ಅವ್ವನಿಗೇ ಓದಿ ಹೇಳಿದೆ. "ಹಾಕು, ಬೇರೆ ಅವ್ವಂದಿರೂ ಓದಲಿ" ಅಂದರು.

ಕಬ್ಬಿಣದ ಕೈ (ಕುಶಾಲನಗರ), ಬುಧವಾರ ಬೆಳಿಗ್ಗೆ 5:50

ನಾನು ವೇಟ್‌ಲಿಫ್ಟರ್. ಡೋಪಿಂಗ್ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಬರೆಯುತ್ತೇನೆ. ರಾಜ್ಯ, ರಾಷ್ಟ್ರ ಮಟ್ಟಕ್ಕೆ ಹೋಗುವವರು ಪೂರ್ತಿ ಓದಿ.

ಸಾಮಾನ್ಯ ಗರ್ಭನಿರೋಧಕ ಮಾತ್ರೆಗಳು ವಿಶ್ವ ಡೋಪಿಂಗ್ ತಡೆ ಸಂಸ್ಥೆ ವಾಡಾದ ನಿಷೇಧ ಪಟ್ಟಿಯಲ್ಲಿ ಇಲ್ಲ. ನೆಮ್ಮದಿಯಾಗಿರಿ. ಆದರೆ ಮೂರು ಕಡೆ ಎಡವುತ್ತಾರೆ.

ನರ್ಸಕ್ಕ ಹೇಳಿದ ನಾರೆಥಿಸ್ಟರೋನ್ ನಿಷಿದ್ಧ ಅಲ್ಲ. ಆದರೆ ಅದನ್ನು ತೆಗೆದುಕೊಂಡವರ ಮೂತ್ರದಲ್ಲಿ 19-ನಾರಾಂಡ್ರೊಸ್ಟೆರೋನ್ ಕಾಣಬಹುದು. ನ್ಯಾಂಡ್ರೊಲೋನ್ ಅನ್ನುವ ಸ್ಟೆರಾಯ್ಡ್ ಚುಚ್ಚಿಕೊಂಡವರಲ್ಲೂ ಅದೇ ಕಾಣುತ್ತದೆ. ಲ್ಯಾಬಿನವರು ಎರಡನ್ನೂ ಬೇರೆ ಮಾಡಿ ನೋಡುತ್ತಾರೆ. ಆದರೂ ಸ್ಯಾಂಪಲ್ ಕೊಡುವಾಗ ಫಾರ್ಮಿನಲ್ಲಿ ಈ ಮಾತ್ರೆಯ ಹೆಸರು ತಪ್ಪದೆ ಬರೆಯಿರಿ. ನಾಚಿಕೆ ಪಟ್ಟು ಬಿಡಬೇಡಿ.

ಎರಡನೆಯದು ಪಿಸಿಒಎಸ್, ಅಂದರೆ ಅಂಡಾಶಯಕ್ಕೆ ಸಂಬಂಧಪಟ್ಟ ಹಾರ್ಮೋನ್ ತೊಂದರೆ. ಮೊಡವೆ, ಮುಖದ ಕೂದಲಿಗೆ ಅಂತ ಸ್ಪೈರೊನೊಲ್ಯಾಕ್ಟೋನ್ ಕೊಡುತ್ತಾರೆ. ಅದು ಮೂತ್ರ ಜಾಸ್ತಿ ಮಾಡುವ ಔಷಧ, ಪೂರ್ತಿ ನಿಷಿದ್ಧ. ಸ್ಪರ್ಧೆ ಇಲ್ಲದ ದಿನವೂ ನಿಷಿದ್ಧ. ಅದರ ಗುಣವೇ ಸ್ವಲ್ಪ ಇರುವ ಡ್ರೊಸ್ಪೈರಿನೋನ್ ಕೆಲವು ಗರ್ಭನಿರೋಧಕ ಮಾತ್ರೆಗಳಲ್ಲಿ ಇರುತ್ತದೆ. ಅದಕ್ಕೆ ಪಟ್ಟಿಯಲ್ಲೇ ವಿನಾಯಿತಿ ಬರೆದಿದ್ದಾರೆ. ಮಕ್ಕಳಾಗಲು ಕೊಡುವ ಲೆಟ್ರೊಜೋಲ್, ಕ್ಲೊಮಿಫೀನ್ ಎರಡೂ ನಿಷಿದ್ಧ.

ಮೂರನೆಯದು ನಮ್ಮ ದೇಶದ್ದೇ. ಛಾಯಾ ಅನ್ನುವ ಗರ್ಭನಿರೋಧಕ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಲಕ್ನೋದ ಸರ್ಕಾರಿ ಸಂಶೋಧನಾಲಯದಲ್ಲಿ ಕಂಡುಹಿಡಿದದ್ದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಹಾರ್ಮೋನ್ ಇಲ್ಲ, ಹಾಗಾಗಿ ಆಟಗಾರ್ತಿಗೆ ಒಳ್ಳೆಯದು ಅಂತ ಒಬ್ಬರು ನನಗೆ ಹೇಳಿದರು. ಹಾರ್ಮೋನ್ ಇಲ್ಲ ಅನ್ನುವುದು ನಿಜ. ಆದರೆ ಅದು ಈಸ್ಟ್ರೊಜೆನ್ ಕೆಲಸ ಮಾಡುವ ಜಾಗವನ್ನೇ ಹಿಡಿದುಕೊಳ್ಳುವ ಸರ್ಮ್ ಗುಂಪಿನ ಔಷಧ. ವಾಡಾ ಪಟ್ಟಿಯಲ್ಲಿ ಆ ಇಡೀ ಗುಂಪು ನಿಷಿದ್ಧ. ಪಟ್ಟಿಯಲ್ಲಿ ಕೊಟ್ಟ ಹೆಸರುಗಳು ಉದಾಹರಣೆ ಮಾತ್ರ ಅಂತಲೂ ಬರೆದಿದ್ದಾರೆ. ಹಾಗಾಗಿ ಪರೀಕ್ಷೆಗೆ ಒಳಗಾಗುವ ಆಟಗಾರ್ತಿಯರು ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆ ನಾಡಾವನ್ನು ಕೇಳದೆ ಛಾಯಾ ಮುಟ್ಟಬೇಡಿ. ಬೇರೆ ದೇಶದವರು ಬರೆದ ಸಲಹೆಗಳಲ್ಲಿ ಈ ಮಾತ್ರೆಯ ಹೆಸರೇ ಸಿಗುವುದಿಲ್ಲ, ಯಾಕೆಂದರೆ ಅಲ್ಲಿ ಬಳಸುವುದಿಲ್ಲ. ನಮ್ಮ ಹುಡುಗಿಯರೇ ಸಿಕ್ಕಿಹಾಕಿಕೊಳ್ಳುವುದು.

ಮುಟ್ಟಿನ ನೋವಿಗೆ ಮೆಫೆನಾಮಿಕ್ ಆಸಿಡ್, ಜಾಸ್ತಿ ರಕ್ತ ಹೋಗುವುದಕ್ಕೆ ಟ್ರಾನೆಕ್ಸಾಮಿಕ್ ಆಸಿಡ್, ಇವೆರಡೂ ನಿಷಿದ್ಧ ಅಲ್ಲ.

ಡಾಕ್ಟ್ರಮ್ಮ, ಬುಧವಾರ ಬೆಳಿಗ್ಗೆ 9:15

ಛಾಯಾ ವಿಷಯ ಬರೆದದ್ದಕ್ಕೆ ನಿಮಗೆ ಕೃತಜ್ಞತೆ. ಕುಟುಂಬ ಯೋಜನೆಗೆ ಅದು ಒಳ್ಳೆಯ ಮಾತ್ರೆ, ನಾನೂ ತುಂಬ ಬರೆಯುತ್ತೇನೆ. ಬರೆಯುವಾಗ ಆಟ ಆಡುತ್ತೀರಾ ಅಂತ ಕೇಳುವ ಅಭ್ಯಾಸ ನನಗಿರಲಿಲ್ಲ. ಇವತ್ತಿಂದ ಕೇಳುತ್ತೇನೆ.

ಎರಡು ಮಕ್ಕಳ ತಾಯಿ (ಕೂಡಿಗೆ), ಬುಧವಾರ ಮಧ್ಯಾಹ್ನ 12:40

ನನಗೆ 28. ಎರಡನೇ ಮಗುವಾದ ಮೇಲೆ ಅಂತರಾ ಅನ್ನುವ ಗರ್ಭನಿರೋಧಕ ಇಂಜೆಕ್ಷನ್ ಮಾಡಿಸಿಕೊಳ್ಳುತ್ತಿದ್ದೇನೆ. ಒಂದೂವರೆ ವರ್ಷ ಆಯಿತು. ಈಗ ಮುಟ್ಟೇ ಇಲ್ಲ. ಮತ್ತೆ ಓಡಲು ಶುರು ಮಾಡಿದ್ದೇನೆ, ಮನೆತನದ ಟೀಮಿನಲ್ಲಿ ಆಡುವ ಆಸೆ. ಮೇಲಿನದೆಲ್ಲ ಓದಿ ಭಯ ಆಯಿತು. ನನ್ನ ಮೂಳೆಗೂ ತೊಂದರೆ ಆಗುತ್ತದಾ?

ನರ್ಸಕ್ಕ, ಬುಧವಾರ ಸಂಜೆ 4:20

ಭಯ ಬೇಡ ತಂಗಿ. ಆದರೆ ತಿಳಿದುಕೋ.

ಅಂತರಾದಲ್ಲಿ ಇರುವುದು 150 ಮಿಲಿಗ್ರಾಂ ಡಿಎಂಪಿಎ ಅನ್ನುವ ಹಾರ್ಮೋನ್. ಮೂರು ತಿಂಗಳಿಗೊಮ್ಮೆ. ವರ್ಷದ ಮೇಲೆ ತುಂಬ ಜನರಿಗೆ ಮುಟ್ಟು ನಿಲ್ಲುತ್ತದೆ. ಅದು ಔಷಧದ ಗುಣ, ರಕ್ತ ಒಳಗೆ ಕಟ್ಟಿಕೊಳ್ಳುವುದಿಲ್ಲ. ರಕ್ತಹೀನತೆ ಇರುವವರಿಗೆ ಅದರಿಂದ ಲಾಭವೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇತ್ತು.

ಆದರೆ ಇದು ಮಾತ್ರೆಯ ಹಾಗಲ್ಲ. ಈಸ್ಟ್ರೊಜೆನ್ ಇಳಿಸುತ್ತದೆ, ಬಳಸುವಷ್ಟು ಕಾಲ ಮೂಳೆ ಸಾಂದ್ರತೆ ಸ್ವಲ್ಪ ಇಳಿಯುತ್ತದೆ. 2004ರಲ್ಲಿ ಅಮೆರಿಕದ ಔಷಧ ಇಲಾಖೆ ಎರಡು ವರ್ಷ ದಾಟುವ ಮೊದಲು ಬೇರೆ ದಾರಿ ಯೋಚಿಸಿ ಅಂತ ಎಚ್ಚರಿಕೆ ಹಾಕಿಸಿತು. ಬಿಟ್ಟ ಮೇಲೆ ಬಹುಪಾಲು ವಾಪಸ್ ಬರುತ್ತದೆ. ತೂಕ ಏರುವ ದೂರೂ ಇದರಲ್ಲಿ ಜಾಸ್ತಿ.

ನೀನು ಒಂದೂವರೆ ವರ್ಷದಲ್ಲಿ ಇದ್ದೀಯ. ಮುಂದಿನ ಇಂಜೆಕ್ಷನ್‌ಗೆ ಹೋದಾಗ ಓಡುತ್ತಿದ್ದೇನೆ ಅಂತ ಹೇಳು. ವಂಕಿ (ಕಾಪರ್-ಟಿ) ಹಾಕಿಸಿಕೊಳ್ಳಬಹುದಾ ಕೇಳು. ವಂಕಿಯಲ್ಲಿ ಹಾರ್ಮೋನ್ ಇಲ್ಲ. ಆದರೆ ಮೊದಲ ತಿಂಗಳುಗಳಲ್ಲಿ ರಕ್ತ, ನೋವು ಜಾಸ್ತಿ ಆಗಬಹುದು. ಹಿಮೋಗ್ಲೋಬಿನ್ ಮೊದಲೇ ನೋಡಿಸು. ಹಾರ್ಮೋನ್ ಇರುವ ವಂಕಿಯೂ ಇದೆ, ಅದರಲ್ಲಿ ರಕ್ತ ಕಡಿಮೆ ಆಗುತ್ತದೆ, ಆದರೆ ದುಬಾರಿ. ಯಾವುದೂ ಶುರುವಾಗುವ ಮೊದಲು ಇದನ್ನು ಒಮ್ಮೆಲೇ ಬಿಡಬೇಡ, ಎರಡು ಮಕ್ಕಳು ಇದ್ದಾರೆ.

ಡಾಕ್ಟ್ರಮ್ಮ, ಬುಧವಾರ ರಾತ್ರಿ 9:30

ಸಿಸ್ಟರ್ ಹೇಳಿದ್ದಕ್ಕೆ ಒಂದೇ ಸೇರಿಸುತ್ತೇನೆ. ಆಟ ಆಡುವವರಿಗೆ ಮೊಣಕಾಲಿನ ಲಿಗಮೆಂಟ್ ಆಪರೇಷನ್ ಬರುತ್ತಿರುತ್ತದೆ. ಈಸ್ಟ್ರೊಜೆನ್ ಇರುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೂಳೆ ಡಾಕ್ಟರ್‌ಗೆ ಮೊದಲೇ ಹೇಳಿ. ಆಪರೇಷನ್ ಆದ ಮೇಲೆ ಕಾಲು ಆಡಿಸದೆ ಮಲಗಬೇಕಾದರೆ ಸಾಮಾನ್ಯವಾಗಿ ನಾಲ್ಕು ವಾರ ಮೊದಲೇ ಮಾತ್ರೆ ನಿಲ್ಲಿಸಿ ಬೇರೆ ವಿಧಾನ ಕೊಡುತ್ತೇವೆ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾದರೆ, ಏಕಾಏಕಿ ಉಸಿರು ಕಟ್ಟಿದರೆ, ಸ್ನಾಯು ಸೆಳೆತ ಅಂತ ಎಣ್ಣೆ ತಿಕ್ಕುತ್ತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಬನ್ನಿ.

ಏಲಕ್ಕಿ ತೋಟ, ಟೂರ್ನಮೆಂಟ್ ಮುಗಿದ ಮೇಲೆ, ಶನಿವಾರ ಸಂಜೆ 6:30

ನರ್ಸಕ್ಕನಿಗೆ ಹೇಗೆ ಧನ್ಯವಾದ ಹೇಳುವುದು ಗೊತ್ತಿಲ್ಲ. ಅವತ್ತೇ ಮಗಳನ್ನು ಕೇಳಿದೆ. "ಹೌದಮ್ಮ, ತಲೆನೋವಿನ ಮೊದಲು ಇಪ್ಪತ್ತು ನಿಮಿಷ ಕಣ್ಣಲ್ಲಿ ಬೆಳಕಿನ ಗೆರೆ ಓಡುತ್ತದೆ, ಎಲ್ಲರಿಗೂ ಹಾಗೇ ಅಂದುಕೊಂಡಿದ್ದೆ" ಅಂದಳು. ಹತ್ತೊಂಬತ್ತು ವರ್ಷ ಜೊತೆಗಿದ್ದೂ ನನಗೆ ಗೊತ್ತಿರಲಿಲ್ಲ.

ಡಾಕ್ಟರ್ ಹತ್ತಿರ ಹೋದೆವು. ಅದು ಔರಾ ಇರುವ ಮೈಗ್ರೇನ್ ಅಂದರು. ಈಸ್ಟ್ರೊಜೆನ್ ಇರುವ ಮಾತ್ರೆ ಇವಳಿಗೆ ಯಾವತ್ತೂ ಬೇಡ, ಪಾರ್ಶ್ವವಾಯುವಿನ ಅಪಾಯ ಜಾಸ್ತಿ ಅಂದರು. ಮುಂದಕ್ಕೆ ಹಾಕುವ ಆ ಮಾತ್ರೆಯೂ ಬೇಡ ಅಂದರು. ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಟ್ಟಿದ್ದಾರೆ. ಅಲಮಾರಿಯಲ್ಲಿದ್ದ ಸ್ಟ್ರಿಪ್ ಎಸೆದೆ.

ಮುಟ್ಟು ಟೂರ್ನಮೆಂಟಿನ ಮೊದಲ ದಿನವೇ ಬಂತು. ನೋವಿನ ಮಾತ್ರೆ ಊಟದ ನಂತರ ಕೊಟ್ಟೆ. ಕಪ್ಪು ಶಾರ್ಟ್ಸ್ ಕೊಡಿ ಅಂತ ಕೋಚ್‌ಗೆ ನಾನೇ ಫೋನ್ ಮಾಡಿದೆ. ಇಡೀ ಟೀಮಿಗೆ ಕಪ್ಪು ಕೊಟ್ಟರು. ಎರಡು ಮ್ಯಾಚ್ ಆಡಿದಳು. ಸೆಮಿಫೈನಲ್‌ನಲ್ಲಿ ಸೋತರು.

ಪಿಟಿ ಮೇಷ್ಟ್ರು, ಭಾನುವಾರ ಬೆಳಿಗ್ಗೆ 7:00

ನಾನು ಹಾಳೆ ಮಾಡಿಸಿದೆ. ಬಯಾಲಜಿ ಟೀಚರಮ್ಮ ಓದಿದರು. 24 ಹುಡುಗಿಯರಲ್ಲಿ ಐದು ಜನ ಮೂರು ತಿಂಗಳಿಗಿಂತ ಹೆಚ್ಚು ಮುಟ್ಟು ನಿಂತದ್ದು ಬರೆದಿದ್ದಾರೆ. ಹೆಸರು ನನಗೆ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ. ಐವರನ್ನೂ ಟೀಚರಮ್ಮನೇ ಮನೆಯವರ ಜೊತೆ ಮಾತಾಡಿ ಸ್ನೇಹ ಕ್ಲಿನಿಕ್‌ಗೆ ಕರೆದುಕೊಂಡು ಹೋಗುತ್ತಾರೆ. ಬೆಳಗಿನ ಅಭ್ಯಾಸ ಮುಗಿದ ಕೂಡಲೇ ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಕೊಡುವ ವ್ಯವಸ್ಥೆ ಮಾಡಿದೆವು. ಒಬ್ಬ ತೋಟದವರು ಬಾಳೆಗೊನೆ ಕಳಿಸುತ್ತಿದ್ದಾರೆ.

ಲೆಫ್ಟ್ ವಿಂಗ್, ನಿನ್ನ ಕಾಲು ಹೇಗಿದೆ ಮಗಳೇ? ಯಾವಾಗ ಟರ್ಫ್‌ಗೆ?

ಲೆಫ್ಟ್ ವಿಂಗ್ 11, ಭಾನುವಾರ ರಾತ್ರಿ 8:20

ಸರ್, ಆ ಐವರ ವಿಷಯ ಅವ್ವನಿಗೆ ಹೇಳಿದೆ.

ಮಾತ್ರೆ ನಿಲ್ಲಿಸಿ ಹನ್ನೊಂದು ವಾರ ಆಯಿತು. ಡಾಕ್ಟರ್ ಹೇಳಿಯೇ ನಿಲ್ಲಿಸಿದ್ದು. ಮುಟ್ಟು ಇನ್ನೂ ಬಂದಿಲ್ಲ. ಆರು ತಿಂಗಳೂ ಆಗಬಹುದು, ಕಾಯಬೇಕು ಅಂದಿದ್ದಾರೆ. ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಬೆನ್ನುಮೂಳೆಯ ಝಡ್-ಸ್ಕೋರ್, ಅಂದರೆ ನನ್ನ ವಯಸ್ಸಿನವರ ಸರಾಸರಿಗೆ ಹೋಲಿಸಿದ ಅಂಕ, ಮೈನಸ್ 1.4 ಬಂತು. ಓಡಾಡಿ ಆಡುವವಳಿಗೆ ಅದು ಕಡಿಮೆ. ವರ್ಷದ ನಂತರ ಮತ್ತೆ ನೋಡುತ್ತಾರೆ. ತೂಕ 52ರಿಂದ 55 ಆಗಿದೆ. ಮೊದಲು ಕನ್ನಡಿ ನೋಡಲು ಕಷ್ಟ ಆಗುತ್ತಿತ್ತು. ಈಗ ರಾತ್ರಿ ನಿದ್ದೆ ಬರುತ್ತಿದೆ, ಕೈಕಾಲು ತಣ್ಣಗೆ ಕೊರೆಯುವುದು ನಿಂತಿದೆ.

ಕಾಲನ್ನು ಒತ್ತಿದರೆ ನೋವಿಲ್ಲ. ನಾಳೆಯಿಂದ ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ, ಐದು ಸಲ. ದಿನ ಬಿಟ್ಟು ದಿನ. ಟರ್ಫ್ ಮೇಲೆ ಬೇಡ, ಮೆತ್ತಗಿನ ನೆಲದಲ್ಲಿ ಅಂದಿದ್ದಾರೆ. ನಮ್ಮ ಗದ್ದೆಯ ಏರಿ ಪಕ್ಕ ಹುಲ್ಲಿನ ಜಾಗ ಇದೆ. ಅವ್ವ ವಾಚ್ ಹಿಡಿದು ನಿಲ್ಲುತ್ತಾರಂತೆ.